ಬಾಗಿಲಿಲ್ಲದ ಮನೆಯ ಬೀಗದ ಕೈ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ನಿಮ್ಮ ಚರ್ಚಿನ ಸಭೆಯವರು ಬಡವರಿಗೆ ಮನೆ ಕಟ್ಟುವ ಸೇವೆಗೆ ಎಂಟು ದಿನ ಹೊರಟಿದ್ದಾರೆ, ನಾನೂ ಹೋಗಲಾ ಬೇಡವಾ ಅಂತ ಕೇಳಿದ್ದೀಯ. ಜೊತೆಗೆ, "ನೀನು ಹೋಗಿ ಬಂದವನಲ್ವಾ, ನಿಜ ಹೇಳು" ಅಂತ ಬೇರೆ. ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಅದಕ್ಕೇ ಈ ಪತ್ರ. ಇದೇ ಪ್ರಶ್ನೆ ಇನ್ನೂ ನಾಲ್ಕು ಜನರಿಗೆ ಇರಬಹುದು ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ನಗುವ ವಿಷಯ. ನಮ್ಮ ಕೊನೆಯ ದಿನ ಬೀಗದ ಕೈ ಕೊಡುವ ಕಾರ್ಯಕ್ರಮ ಇತ್ತು. ರಿಬ್ಬನ್ ಕಟ್ಟಿದೆವು, ಪ್ರಾರ್ಥನೆ ಆಯಿತು, ಫೋಟೋ ಆಯಿತು. ಆ ಮನೆಯಲ್ಲಿ ಇರಬೇಕಾದ ಅಕ್ಕನ ಕೈಗೆ ಹೊಳೆಯುವ ಹೊಸ ಕೀಲಿಯನ್ನು ಕೊಟ್ಟೆವು. ಮನೆಗೆ ಬಾಗಿಲೇ ಇರಲಿಲ್ಲ! ಚೌಕಟ್ಟು ನಿಂತಿತ್ತು, ಅಷ್ಟೇ. ಕಿಟಕಿಗಳ ಜಾಗದಲ್ಲಿ ಬರೀ ಕಂಡಿ. ಮುಂದಿನ ಗೋಡೆಗೆ ಮಾತ್ರ ಗಾರೆ ಆಗಿತ್ತು, ಅದೂ ಫೋಟೋಗೆ ಚೆನ್ನಾಗಿ ಕಾಣಲಿ ಅಂತ. ಚಪ್ಪಾಳೆ ನಿಂತ ಮೇಲೆ ಅಕ್ಕ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ತಮ್ಮಾ, ಬೀಗ ಎಲ್ಲಿ?"

ಬೀಗ ಯಾರ ಬಳಿ ಇದೆ ಅಂತ ನಮಗೇ ಗೊತ್ತಿರಲಿಲ್ಲ.

ಮರುದಿನಕ್ಕೆ ನಮ್ಮ ವಾಪಸ್ ಟಿಕೆಟ್ ಬುಕ್ ಆಗಿತ್ತು. ಆದ್ದರಿಂದ ಮನೆ ಅವತ್ತೇ ಮುಗಿಯಬೇಕಿತ್ತು. ಸಿಮೆಂಟಿಗೆ ನಮ್ಮ ಟಿಕೆಟ್ ವಿಷಯ ಯಾರು ಹೇಳಬೇಕು?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೋಗುವ ಮೊದಲು ನನಗೆ ಯಾರೂ ಹೇಳಿರಲಿಲ್ಲ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ, ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಬೇಗ ಒಣಗಿಬಿಟ್ಟರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಬಲ ಬರುವುದಿಲ್ಲ, ಗಾರೆ ಬಿರುಕು ಬಿಡುತ್ತದೆ. ಕಡಿಮೆ ಅಂದರೂ 7 ದಿನ ಹಸಿಯಾಗಿಡಬೇಕು. ಕಾಂಕ್ರೀಟಿನ ಬಲವನ್ನು ಲೆಕ್ಕ ಹಿಡಿಯುವುದೇ 28ನೇ ದಿನಕ್ಕೆ. ನಮ್ಮ ಪ್ರವಾಸ ಎಂಟು ದಿನ, ಅದರಲ್ಲಿ ಹೋಗಿ ಬರುವುದಕ್ಕೇ ಎರಡು ದಿನ. ನಾವು ಕಟ್ಟಿದ್ದು ಗೋಡೆ ಅನ್ನಿಸಿಕೊಳ್ಳುವ ಹೊತ್ತಿಗೆ ನಾವು ಮನೆಗೆ ಬಂದು ಫೋಟೋ ಹಂಚುತ್ತಾ ಕೂತಿದ್ದೆವು. ಬೆಳಿಗ್ಗೆ ಸಂಜೆ ನೀರು ಹಾಕಿದ್ದು ಅಕ್ಕ.

ಕೆಲಸದ ಜಾಗದಲ್ಲಿ ನನ್ನ ಕಥೆ ಕೇಳು. ಮೊದಲ ದಿನವೇ ಉತ್ಸಾಹದಿಂದ ಕರಣೆ ಹಿಡಿದೆ. ಮೇಸ್ತ್ರಿ ಬೇಡ ಅನ್ನಲಿಲ್ಲ. "ಒಂದು ವರಸೆ ಇಡಿ, ನೋಡೋಣ" ಅಂದರು. ದಾರ ಕಟ್ಟಿಕೊಟ್ಟರು. ನಾನು ಕಷ್ಟಪಟ್ಟು ಹತ್ತು ಹನ್ನೆರಡು ಇಟ್ಟಿಗೆ ಇಟ್ಟೆ, ಬೆವರು ಒರೆಸಿಕೊಂಡೆ. ಗೋಡೆ ನೆಟ್ಟಗಿದೆಯಾ ಅಂತ ನೋಡಲು ಅವರು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟರು. ಗುಂಡು ಸ್ವಲ್ಪ ಹೊತ್ತು ಆಡಿ ನಿಂತಿತು. ಗುಂಡಿಗೂ ನನ್ನ ಗೋಡೆಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು. ಗಾರೆ ಹಸಿ ಇದ್ದದ್ದರಿಂದ ಒಂದೊಂದೇ ಇಟ್ಟಿಗೆ ಎತ್ತಿ, ಕೆರೆದು, ಪಕ್ಕಕ್ಕಿಟ್ಟರು. ಬೈಯಲಿಲ್ಲ. "ಸರ್, ನೀವು ಇಟ್ಟಿಗೆ ನೆನೆಸಿ ಕೊಡ್ತೀರಾ?" ಅಂದರು.

ಐದು ದಿನ ನಾನು ಮಾಡಿದ್ದು ಅದನ್ನೇ. ಒಣ ಇಟ್ಟಿಗೆ ಗಾರೆಯಲ್ಲಿರುವ ನೀರನ್ನು ಹೀರಿಬಿಡುತ್ತದೆ, ಆಮೇಲೆ ಸಿಮೆಂಟಿಗೆ ಕುಡಿಯಲು ನೀರೇ ಇರುವುದಿಲ್ಲ. ಅದಕ್ಕೇ ಮೊದಲೇ ನೆನೆಸಿಡಬೇಕು. ಡ್ರಮ್ಮಿನ ನೀರಿಗೆ ಇಟ್ಟಿಗೆ ಬಿಟ್ಟರೆ ಸಣ್ಣಗೆ ಸುಯ್ಯೆನ್ನುತ್ತದೆ, ಗುಳುಗುಳು ಗುಳ್ಳೆ ಏಳುತ್ತದೆ. ಗುಳ್ಳೆ ನಿಂತಾಗ ಅದರ ಹೊಟ್ಟೆ ತುಂಬಿತು ಅಂತ ಅರ್ಥ. ತೆಗೆದು ಸಾಲಾಗಿ ಇಡಬೇಕು. ಮೇಲಿನ ನೀರು ಇಂಗಿದ ಮೇಲೆ ಕೊಡಬೇಕು, ತೊಟ್ಟಿಕ್ಕುತ್ತಾ ಕೊಟ್ಟರೆ ಗಾರೆಯ ಮೇಲೆ ಜಾರುತ್ತದೆ. ಮೂರನೇ ದಿನಕ್ಕೆ ನನಗೆ ಗುಳ್ಳೆ ನೋಡಬೇಕಾಗಿರಲಿಲ್ಲ, ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಿಜ ಹೇಳಲಾ? ಇಡೀ ಪ್ರವಾಸದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಇನ್ನೊಂದು ಹೇಳಬೇಕು, ನಿಮ್ಮ ತಂಡದವರೂ ಓದಲಿ. ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ದೇವರ ವಾಕ್ಯ ಹಂಚಿಕೊಳ್ಳುತ್ತಿದ್ದೆವು. ಹತ್ತು ನಿಮಿಷ ಅಂತ ಲೆಕ್ಕ. ಒಂದು ದಿನ ನಮ್ಮಲ್ಲೊಬ್ಬರಿಗೆ ಬೈಬಲಿನ ಮತ್ತಾಯನ 7ನೇ ಅಧ್ಯಾಯ ಸಿಕ್ಕಿತು. ಬಂಡೆಯ ಮೇಲೆ ಕಟ್ಟಿದ ಮನೆ, ಮರಳಿನ ಮೇಲೆ ಕಟ್ಟಿದ ಮನೆ. ಅದಕ್ಕಿಂತ ತಕ್ಕ ಜಾಗ ಎಲ್ಲಿ ಸಿಗಬೇಕು? ಹತ್ತು ನಿಮಿಷ ಇಪ್ಪತ್ತಾಯಿತು, ನಲವತ್ತಾಯಿತು. ಆ ಕಡೆ ಮೇಸ್ತ್ರಿ ಆಗಲೇ ಮರಳು, ಸಿಮೆಂಟಿಗೆ ನೀರು ಹಾಕಿ ಕಲಸಿಟ್ಟಿದ್ದರು. ನೀರು ಬಿದ್ದ ಮೇಲೆ ಅರ್ಧ ಗಂಟೆಯೊಳಗೆ ಬಳಸಬೇಕಾದ ಗಾರೆ ಅದು. ಅವರು ಟೋಪಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಗೌರವದಿಂದ ನಿಂತಿದ್ದರು. ಕಣ್ಣು ಮಾತ್ರ ಗಾರೆಯ ಗುಡ್ಡೆಯ ಮೇಲೆ. ಆಮೆನ್ ಅಂದ ಮೇಲೆ ಹೋಗಿ ಸಲಿಕೆಯಿಂದ ಕುಟ್ಟಿ ನೋಡಿದರು. ಟಣ್ ಅಂತು. ಎಲ್ಲವನ್ನೂ ಎತ್ತಿ ಹೊಂಡಕ್ಕೆ ಹಾಕಿದರು.

ಯೇಸುವನ್ನು ಅವನ ಊರಿನವರು ಬಡಗಿ ಅಂತ ಕರೆದರು ಅಂತ ಮಾರ್ಕನ 6ನೇ ಅಧ್ಯಾಯದಲ್ಲಿದೆ. ಅಲ್ಲಿರುವ ಗ್ರೀಕ್ ಪದ ತೆಕ್ತೋನ್, ಕಟ್ಟಡ ಕೆಲಸದವರಿಗೂ ಸಲ್ಲುತ್ತದಂತೆ. ಅವತ್ತು ಆತ ಅಲ್ಲಿದ್ದಿದ್ದರೆ ನಮ್ಮ ಗುಂಪಿನಲ್ಲಿ ನಿಲ್ಲುತ್ತಿದ್ದನೋ, ಗಾರೆಯ ಹತ್ತಿರ ನಿಲ್ಲುತ್ತಿದ್ದನೋ!

ಸುವಾರ್ತೆ ಸಾರುವ ವಿಷಯವೂ ಬಂತು. ತಂಡದ ಒಬ್ಬ ಹುಡುಗ ಅಕ್ಕನನ್ನು, "ಮನೆ ಆದ ಮೇಲೆ ಆರಾಧನೆಗೆ ಬರ್ತೀರಾ?" ಅಂತ ಕೇಳಿದ. ಅವರು ತಲೆಯ ಮೇಲೆ ಆರು ಇಟ್ಟಿಗೆ ಹೊತ್ತು ನಿಂತಿದ್ದರು. "ಮೊದಲು ದಾರಿ ಬಿಡಪ್ಪಾ" ಅಂದರು. ನನಗೆ ನಾಚಿಕೆಯಾಯಿತು. ಸೂರಿಲ್ಲದವರ ಹತ್ತಿರ ಸೂರು ಕೈಯಲ್ಲಿ ಹಿಡಿದುಕೊಂಡು ಕೇಳಿದರೆ, ಅವರು ಹೂಂ ಅನ್ನದೆ ಇನ್ನೇನು ಅಂದಾರು? ಆ ಹೂಂಗೆ ಏನು ಬೆಲೆ? ನಂಬಿಕೆಯ ಮಾತು ಆಡಬಾರದು ಅಂತಲ್ಲ. ಅವರೇ ಕೇಳಿದರೆ ಆಡು. ಮನೆಗೂ ಅದಕ್ಕೂ ಗಂಟು ಹಾಕಬೇಡ.

ವಾಪಸ್ ಬಂದ ಮೇಲೆ ಇದರ ಬಗ್ಗೆ ಸ್ವಲ್ಪ ಓದಿದೆ. 1998ರ ಅಕ್ಟೋಬರ್ ಕೊನೆಗೆ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ನೆಲಸಮ ಮಾಡಿತಲ್ಲ, ಆಮೇಲೆ ಉತ್ತರ ಅಮೆರಿಕದಿಂದ ಬಹಳಷ್ಟು ಚರ್ಚ್ ತಂಡಗಳು ಅಲ್ಲಿಗೆ ಮನೆ ಕಟ್ಟಲು ಹೋದವು. ಕರ್ಟ್ ವೆರ್ ಬೀಕ್ ಅನ್ನುವ ಸಮಾಜಶಾಸ್ತ್ರಜ್ಞ ಆ ಮನೆಗಳವರನ್ನೂ ಹೋಗಿ ಬಂದವರನ್ನೂ ಮಾತಾಡಿಸಿ 2006ರಲ್ಲಿ ಬರೆದಿದ್ದಾನೆ. ಮನೆಗೆ ಸುಮಾರು 2,000 ಡಾಲರ್, ಅದನ್ನು ಕಟ್ಟಲು ಒಂದು ತಂಡ ಬಂದು ಹೋಗುವುದಕ್ಕೆ ಸುಮಾರು 30,000 ಡಾಲರ್. ಹೊರಗಿನವರು ಕಟ್ಟಿದ ಮನೆಯಲ್ಲಿದ್ದವರಿಗೂ ಅಲ್ಲಿನವರೇ ಕಟ್ಟಿದ ಮನೆಯಲ್ಲಿದ್ದವರಿಗೂ ಬದುಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ನನಗೆ ಚುಚ್ಚಿದ್ದು ಬೇರೆ. ಹೋಗಿ ಬಂದವರ ಬದುಕೂ ಅಷ್ಟೇನೂ ಬದಲಾಗಿರಲಿಲ್ಲ. ನಾನೂ ಬಂದ ಹೊಸದರಲ್ಲಿ ಸಭೆಯ ಮುಂದೆ ನಿಂತು "ನನ್ನ ಜೀವನವೇ ಬದಲಾಯಿತು" ಅಂತ ಸಾಕ್ಷಿ ಹೇಳಿದ್ದೆ. ಎರಡು ತಿಂಗಳಲ್ಲಿ ಎಲ್ಲ ಮೊದಲಿನಂತೆ.

ಹಾಗಂತ ಇದೆಲ್ಲ ದಂಡ ಅನ್ನಲಾರೆ. ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಅನ್ನುವ, ಬಡವರಿಗೆ ಮನೆ ಕಟ್ಟುವ ಸಂಸ್ಥೆಯ ಹೆಸರು ನೀನು ಕೇಳಿರುತ್ತೀಯ. 1976ರಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ಅನ್ನುವ ಕ್ರೈಸ್ತ ದಂಪತಿ ಅಮೆರಿಕದ ಜಾರ್ಜಿಯಾದಲ್ಲಿ ಶುರು ಮಾಡಿದ್ದು. ಮನೆಯನ್ನು ಸುಮ್ನೆ ಕೊಡಬಾರದು, ಅದರಿಂದ ಲಾಭವನ್ನೂ ಮಾಡಬಾರದು ಅನ್ನುವುದು ಅವರ ಲೆಕ್ಕ. ಬಡವರಿಗೆ ಸಾಲ ಕೊಟ್ಟರೆ ಬಡ್ಡಿ ಕೇಳಬೇಡ ಅಂತ ಬೈಬಲಿನ ವಿಮೋಚನಕಾಂಡದಲ್ಲಿ ಇದೆಯಲ್ಲ, ಅದನ್ನೇ ಹಿಡಿದರು. ಮನೆಯವರು ಕಂತು ಕಟ್ಟಬೇಕು, ಆ ದುಡ್ಡಿನಲ್ಲಿ ಇನ್ನೊಬ್ಬರ ಮನೆ ಏಳಬೇಕು. ಜೊತೆಗೆ ಅವರ ಬೆವರೂ ಆ ಗೋಡೆಗೆ ಬೀಳಬೇಕು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಿಂದ ಇವರ ಜೊತೆ ಸುತ್ತಿಗೆ ಹಿಡಿದರು. 2019ರಲ್ಲಿ, 95 ವರ್ಷದವರು, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡು ಮರುದಿನವೇ ಕೆಲಸಕ್ಕೆ ಹಾಜರ್. ಕಣ್ಣು ಕಪ್ಪಾಗಿ ಊದಿಕೊಂಡ ಆ ಫೋಟೋ ನೋಡಿರುತ್ತೀಯ. ಆ ಮನುಷ್ಯನಿಗೆ ಮರಗೆಲಸ ಬರುತ್ತಿತ್ತು ಅನ್ನುವುದನ್ನು ಮಾತ್ರ ನಾವು ಮರೆತುಬಿಡುತ್ತೇವೆ.

ಈಗ ನಿನ್ನ ಪ್ರಶ್ನೆ. ಹೋಗು. ಆದರೆ ಹೆಸರು ಕೊಡುವ ಮೊದಲು ನಿಮ್ಮವರನ್ನು ಒಂದೆರಡು ಮಾತು ಕೇಳು. ಆ ಜಾಗ ಯಾರ ಹೆಸರಿನಲ್ಲಿದೆ? ಕಟ್ಟಿದ ಮೇಲೆ ಬೇರೆ ಯಾರೋ ಬಂದು ಎಬ್ಬಿಸುವುದಿಲ್ಲ ತಾನೇ? ನೀವು ಪುಕ್ಕಟೆ ದುಡಿಯುವ ಆ ವಾರ ಅಲ್ಲಿನ ಕೂಲಿಯವರಿಗೆ ಕೆಲಸ ಇದೆಯೋ, ತಪ್ಪಿತೋ? ನೀವು ವಾಪಸ್ ಬಂದ ಮೇಲೆ ಬಾಗಿಲು, ಕಿಟಕಿ, ಗಾರೆಗೆ ದುಡ್ಡು ಎತ್ತಿಟ್ಟಿದ್ದಾರಾ? ನಮ್ಮ ತಂಡದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಡವರಿಸಿದರೆ ಬಿಟ್ಟುಬಿಡು, ಟಿಕೆಟ್ಟಿನ ದುಡ್ಡನ್ನು ನೇರ ಅಲ್ಲಿನ ಕೆಲಸಕ್ಕೇ ಕಳಿಸು. ಸರಿಯಾದ ಉತ್ತರ ಬಂದರೆ ಕೈಯಾಳಾಗಿ ಹೋಗು, ಮೇಸ್ತ್ರಿ ಹೇಳಿದ್ದನ್ನು ಮಾಡು. ರಬ್ಬರ್ ಕೈಗವಸು ಎರಡು ಜೊತೆ ಇಟ್ಟುಕೋ. ನನ್ನದು ಎರಡನೇ ದಿನವೇ ಹರಿಯಿತು. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಬೆರಳ ತುದಿಗಳೆಲ್ಲ ಕಿತ್ತುಹೋಗಿದ್ದವು. ಚಪ್ಪಲಿಯಲ್ಲಿ ಮಾತ್ರ ಹೋಗಬೇಡ.

ಅಂದ ಹಾಗೆ ಆ ಬೀಗ ಸಿಕ್ಕಿತು. ಮನೆಗೆ ಬಂದು ಬ್ಯಾಗ್ ಬಿಚ್ಚಿದಾಗ ನನ್ನ ಬಟ್ಟೆಗಳ ನಡುವೆಯೇ ಇತ್ತು! ಮರುದಿನವೇ ಕೊರಿಯರ್ ಮಾಡಿದೆ. ತಿಂಗಳಾದ ಮೇಲೆ ಮೇಸ್ತ್ರಿ ಫೋಟೋ ಕಳಿಸಿದರು. ಬಾಗಿಲು ಕೂತಿತ್ತು, ನೀಲಿ ಬಣ್ಣ ಬಳಿದಿದ್ದರು, ಚಿಲಕಕ್ಕೆ ಬೀಗ ತೂಗುತ್ತಿತ್ತು. ದೊಡ್ಡದು ಮಾಡಿ ನೋಡಿದೆ. ಅದು ನಾನು ಕಳಿಸಿದ ಬೀಗ ಅಲ್ಲ. ಫೋನ್ ಮಾಡಿ ಕೇಳಿದ್ದಕ್ಕೆ ಮೇಸ್ತ್ರಿ ನಕ್ಕರು. "ನಿಮ್ಮದು ತುಂಬಾ ಚಿಕ್ಕದಾಯ್ತಂತೆ ಸರ್. ಅಕ್ಕ ಬೇರೆ ತಂದ್ಕೊಂಡ್ರು."

ಹೊರಡುವ ದಿನ ಯಾವುದು ಅಂತ ತಿಳಿಸು.

ನಿನ್ನ ಗೆಳೆಯ