ಮನೆ ಕೊಳ್ಳುತ್ತಿರುವವರು ಓದಿ: ಸಾಲಿಸಿಟರ್ ವಿಷಯ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಮೊದಲ ಮನೆ ನೋಡುತ್ತಿರುವ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ದೀರಿ: ಸಾಲಿಸಿಟರ್, ಅಂದರೆ ಮನೆ ಖರೀದಿಯ ಕಾನೂನು ಕೆಲಸ ನೋಡಿಕೊಳ್ಳುವ ವಕೀಲರು, ಯಾರನ್ನು ಹಿಡಿಯಬೇಕು ಅಂತ. ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ಎಸ್ಟೇಟ್ ಏಜೆಂಟ್ ಹೇಳಿದ ಸಾಲಿಸಿಟರನ್ನೇ ಹಿಡಿಯಬೇಕು ಅಂತೇನಿಲ್ಲ. ಎಷ್ಟೋ ಸಲ ಅದರಲ್ಲಿ ಅವರಿಗೆ ಕಮಿಷನ್ ಇರುತ್ತದೆ. ಲೈಸೆನ್ಸ್ಡ್ ಕನ್ವೆಯನ್ಸರ್ (ಆಸ್ತಿ ವ್ಯವಹಾರದ ಕಾನೂನು ಕೆಲಸಕ್ಕೆ ಪರವಾನಗಿ ಪಡೆದವರು) ಆದರೂ ನಡೆಯುತ್ತದೆ, ಆದರೆ ನಿಮಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಬ್ಯಾಂಕ್ ಒಪ್ಪಿದವರ ಪಟ್ಟಿಯಲ್ಲಿ) ಅವರು ಇದ್ದಾರಾ ಅಂತ ಮೊದಲೇ ಕೇಳಿ. ಫೀಸು, ಸರ್ಚ್‌ಗಳ (ಆ ಜಾಗದ ಬಗ್ಗೆ ಕೌನ್ಸಿಲ್ ಮುಂತಾದ ಕಡೆ ಮಾಡಿಸುವ ವಿಚಾರಣೆಗಳ) ಖರ್ಚು, ವ್ಯಾಟ್ ಎಲ್ಲ ಬರವಣಿಗೆಯಲ್ಲಿ ತಗೊಳ್ಳಿ. ಫ್ಲಾಟ್ ಲೀಸ್‌ಹೋಲ್ಡ್ (ಜಾಗ ಬೇರೆಯವರದ್ದು, ನಿಮಗೆ ಇಷ್ಟು ವರ್ಷ ಅಂತ ಹಕ್ಕು) ಆದರೆ ಸಾಮಾನ್ಯವಾಗಿ ಫೀಸು ಜಾಸ್ತಿ, ಮತ್ತೆ ಲೀಸ್‌ನಲ್ಲಿ ಉಳಿದಿರುವ ಅವಧಿ 80 ವರ್ಷದ ಹತ್ತಿರ ಬಂದಿದ್ದರೆ ಸುಮ್ನೆ ಬಿಡಬೇಡಿ, ವಿಸ್ತರಿಸೋಕೆ ಎಷ್ಟಾಗುತ್ತದೆ ಕೇಳಿ.

ನಮಗೆ ತಲೆನೋವಾಗಿದ್ದು ಊರಿನ ದುಡ್ಡು. ಮಾವ ಸೈಟು ಮಾರಿ ಕಳಿಸಿದ್ದರು. ಹಣ ಎಲ್ಲಿಂದ ಬಂತು ಅಂತ ಸಾಲಿಸಿಟರ್ ಕೇಳಲೇಬೇಕು, ಅದು ಅವರ ಕಾನೂನು. ಬ್ಯಾಂಕ್ ಸ್ಟೇಟ್‌ಮೆಂಟ್, ಉಡುಗೊರೆ ಪತ್ರ ಎಲ್ಲ ಕೊಟ್ಟೆವು, ಕ್ರಯಪತ್ರ ಮಾತ್ರ ಕನ್ನಡದಲ್ಲಿತ್ತು ನೋಡಿ, ಅನುವಾದ ಮಾಡಿಸುವಷ್ಟರಲ್ಲಿ ಮೂರು ವಾರ ಹೋಯಿತು! ಈಗಲೇ ಮಾಡಿಸಿಟ್ಟುಕೊಳ್ಳಿ.

ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದಗಳ ವಿನಿಮಯ) ಆಗುವವರೆಗೆ ಕೊಳ್ಳುವವರು, ಮಾರುವವರು ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆಮೇಲೆ ನೀವು ಸರಿದರೆ ಸಾಮಾನ್ಯವಾಗಿ 10% ಡಿಪಾಸಿಟ್ ಹೋದಂತೆಯೇ.

"ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಸಾಲಿಸಿಟರ್ ಹೆಸರಲ್ಲಿ ಮೇಲ್ ಬಂದರೆ ದುಡ್ಡು ಹಾಕಬೇಡಿ. ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೇ ಫೋನ್ ಮಾಡಿ ಕೇಳಿ.