ಐರ್ಲೆಂಡಿನ ಕನ್ನಡಿಗರು ಪ್ರಶ್ನೆ ಕೇಳಿಸಲಿ

ಮಾನ್ಯ ಸಂಪಾದಕರೇ,

ಐರ್ಲೆಂಡಿನಲ್ಲಿರುವ ಕನ್ನಡಿಗರು ಆಸ್ಪತ್ರೆ, ವೀಸಾ ಕಚೇರಿಗಳ ತೊಂದರೆಯನ್ನು ಸುಮ್ನೆ ನುಂಗಿಕೊಳ್ಳದೆ ತಮ್ಮ ಕ್ಷೇತ್ರದ ಸಂಸದರಿಗೆ ಬರೆಯಬೇಕು. ಅಲ್ಲಿನ ಕೆಳಮನೆಯ ಸದಸ್ಯರು ಮಂತ್ರಿಗೆ ಲಿಖಿತ ಪ್ರಶ್ನೆ ಹಾಕಿದರೆ ಉತ್ತರ ದಾಖಲೆಗೆ ಸೇರುತ್ತದೆ. ಯಾರು ಬೇಕಾದರೂ ಓದಬಹುದು.

ಸಂಸತ್ತಿನಲ್ಲಿ ದನಿ ಎತ್ತಿಸುವುದು ಯಾಕೆ ಬೇಕು ಅಂದರೆ, ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಅವರನ್ನು ಮರೆಯಲು ಆಗುತ್ತದೆಯೇ? ಗರ್ಭಪಾತಕ್ಕೆ ಕೇಳಿಕೊಂಡರೂ ಸಿಗದೆ, 2012ರ ಅಕ್ಟೋಬರ್ 28ರಂದು ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು ಬರೀ 31. ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. 20 ವರ್ಷವಾದರೂ ಕಾನೂನು ಬರಲಿಲ್ಲ. ಕ್ಲೇರ್ ಡಾಲಿ ಎಂಬ ಸದಸ್ಯೆ ಅದಕ್ಕಾಗಿ ಮಸೂದೆ ತಂದಿದ್ದರು, 2012ರ ಏಪ್ರಿಲ್‌ನಲ್ಲಿ ಸದನ ಅದನ್ನು ಸೋಲಿಸಿತು. ಸವಿತಾ ಹೋದ ಮೇಲೆ ಮತ್ತೆ ತಂದರು, ಅದೂ ಸೋತಿತು. ಕೊನೆಗೆ 2013ರಲ್ಲಿ ಸರ್ಕಾರವೇ ಕಾನೂನು ತಂದಿತು. 2018ರಲ್ಲಿ ಜನರೇ ಮತ ಹಾಕಿ ಸಂವಿಧಾನದ ನಿಷೇಧ ತೆಗೆದರು. ಆಗ ಡಬ್ಲಿನ್‌ನ ಗೋಡೆಯೊಂದರಲ್ಲಿ ಸವಿತಾ ಅವರ ಚಿತ್ರದ ಸುತ್ತ ಜನ ಕ್ಷಮೆ ಕೇಳುವ ಚೀಟಿಗಳನ್ನು ಅಂಟಿಸಿದ್ದರು.

ಐರಿಷ್ ಅಥವಾ ಬ್ರಿಟಿಷ್ ಪೌರತ್ವ ಇಲ್ಲದವರಿಗೆ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತವಿಲ್ಲ, ನಿಜ. ಪತ್ರ ಬರೆಯಲು ಅಡ್ಡಿಯಿಲ್ಲ ಅಲ್ವಾ? ಅಲ್ಲಿನ ಕನ್ನಡ ಸಂಘಗಳವರು ಒಂದು ಮಾದರಿ ಪತ್ರ ಬರೆದಿಟ್ಟು, ಹೊಸದಾಗಿ ಬಂದವರ ಕೈಗೆ ಕೊಡಲಿ.

– ಓದುಗರೊಬ್ಬರು, ಬೆಳಗಾವಿ