ಇಲಿಯ ಪ್ರಯೋಗ ಓದಿ ಮಾತ್ರೆ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ.

'ಈ ಸೊಪ್ಪು ಆತಂಕ ಕಡಿಮೆ ಮಾಡುತ್ತದೆ, ಇಲಿಗಳ ಮೇಲಿನ ಪ್ರಯೋಗದಲ್ಲಿ ಸಾಬೀತು' ಎಂಬಂಥ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಂಥದ್ದೊಂದನ್ನು ಓದಿ ನಮ್ಮ ಪಕ್ಕದ ಮನೆಯ ಅಕ್ಕ ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು, ಬೆಳಿಗ್ಗೆ ತಿಮರೆ (ಒಂದೆಲಗ) ರಸ ಕುಡಿಯಲು ಶುರು ಮಾಡಿದ್ದಾರೆ. ಚಟ್ನಿಗೆ, ತಂಬುಳಿಗೆ ತಿಮರೆ ನಮಗೆಲ್ಲ ಬೇಕು. ಆದರೆ ಆತಂಕದ ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ. ಅದಕ್ಕೇ ಈ ಪತ್ರ.

ನಾನು ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಅನಿಮಲ್ ಹೌಸ್‌ನಲ್ಲಿ, ಅಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ವಿಭಾಗದಲ್ಲಿ, ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ಇಂಥ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇರುವುದು 'ಎಲಿವೇಟೆಡ್ ಪ್ಲಸ್ ಮೇಜ್' ಎಂಬ ಪರೀಕ್ಷೆ. ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ, ಕೂಡಿಸುವ ಚಿಹ್ನೆಯಂತೆ ನಾಲ್ಕು ಕಡೆ ಚಾಚಿದ ಹಲಗೆ. ಎರಡು ಕಡೆ ಗೋಡೆ ಇದೆ, ಎರಡು ಕಡೆ ಬಯಲು. ಇಲಿಯನ್ನು ನಡುವೆ ಬಿಟ್ಟು 5 ನಿಮಿಷ ನೋಡುತ್ತಾರೆ. ಬಯಲಲ್ಲಿ ಜಾಸ್ತಿ ಹೊತ್ತು ಕಳೆದರೆ ಆತಂಕ ಕಡಿಮೆ ಎಂದು ಲೆಕ್ಕ. ಆತಂಕ ಇಳಿಸುವ ಮದ್ದಾದ ಡಯಾಜೆಪಾಮ್ ಕೊಟ್ಟಾಗ ಹಾಗೇ ಆಗುತ್ತದೆ, ನಿಜ.

ಆದರೆ ಮೈಯಲ್ಲಿ ಚುರುಕು ಹೆಚ್ಚಿಸುವ ಮದ್ದು ಕೊಟ್ಟರೂ ಇಲಿ ಎಲ್ಲ ಕಡೆ ಓಡುತ್ತದೆ, ಬಯಲಿಗೂ ಹೋಗುತ್ತದೆ. ಮಂಪರು ಬರಿಸುವ ಮದ್ದಾದರೆ ಮೂಲೆಯಲ್ಲಿ ಸುಮ್ನೆ ಕೂರುತ್ತದೆ. ಅದು ಹೆದರಿಕೆಯಲ್ಲ. ಹಾಗಾಗಿ ಗೋಡೆಯಿರುವ ಕಡೆಗೆ ಎಷ್ಟು ಸಲ ಹೋಯಿತು ಎಂಬುದನ್ನೂ ನೋಡಲೇಬೇಕು.

ನನಗಂತೂ ನಿಮಿಷದ ಲೆಕ್ಕಕ್ಕಿಂತ ಇಲಿಯ ಮೈಯೇ ಜಾಸ್ತಿ ಹೇಳುತ್ತಿತ್ತು. ಹಿಂಗಾಲು ಗೋಡೆಯೊಳಗೇ ಊರಿ, ಮೈಯನ್ನು ಉದ್ದಕ್ಕೆ ಎಳೆದು, ಮೂತಿ ಮಾತ್ರ ಹೊರಗೆ ಚಾಚಿ ಮೂಸುತ್ತದೆ. ಮೀಸೆ ಅದುರುತ್ತದೆ. ಸರ್ರನೆ ಹಿಂದೆ ಸರಿಯುತ್ತದೆ. ನಾಲ್ಕೂ ಕಾಲು ಬಯಲಿಗೆ ಬಂದರಷ್ಟೇ ನಮ್ಮಲ್ಲಿ ಲೆಕ್ಕ. ಅಷ್ಟು ಹೊತ್ತಿನ ಹಿಂಜರಿಕೆ, ಧೈರ್ಯ ಎರಡೂ ಆ ಅಂಕಿಯಲ್ಲಿ ಕಾಣುವುದೇ ಇಲ್ಲ.

ಎತ್ತುವ ರೀತಿಯೂ ಮುಖ್ಯ. ಬಾಲ ಹಿಡಿದು ಎತ್ತಿದ ಇಲಿಗಿಂತ ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದ ಇಲಿಗೆ ಆತಂಕ ಕಡಿಮೆ ಎಂದು 2010ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಇಲ್ಲಿ ಗುಡುಗು ಶುರುವಾದ ಸಂಜೆ ನಾವು ಪರೀಕ್ಷೆಯನ್ನೇ ಮುಂದೂಡುತ್ತಿದ್ದೆವು. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಮೂರು ಲ್ಯಾಬ್‌ಗಳು ಅವೇ ತಳಿಯ ಇಲಿ, ಒಂದೇ ಥರದ ಸಾಧನ ಇಟ್ಟುಕೊಂಡು ಪರೀಕ್ಷೆ ನಡೆಸಿ ವರದಿ ಪ್ರಕಟಿಸಿದವು. ಆದರೂ ಫಲಿತಾಂಶ ಬೇರೆ ಬೇರೆ ಬಂತು, ಪ್ಲಸ್ ಮೇಜ್‌ನಲ್ಲಂತೂ ಎದ್ದು ಕಾಣುವಷ್ಟು.

ಈ ಪರೀಕ್ಷೆ ಬೇಡ ಎನ್ನುತ್ತಿಲ್ಲ. ಹೊಸ ಮದ್ದು ಹುಡುಕುವವರಿಗೆ ಅದು ಬೇಕು. ನನ್ನ ಕೋರಿಕೆ ಸುದ್ದಿ ಮನೆಯವರಿಗೆ. ದಯವಿಟ್ಟು ತಲೆಬರಹದಲ್ಲೇ 'ಇಲಿಗಳಲ್ಲಿ' ಎಂದು ಹಾಕಿ. ಇಲಿಯ ಒಟ್ಟು ಓಡಾಟ ಎಷ್ಟಿತ್ತು, ಡಯಾಜೆಪಾಮ್ ಕೊಟ್ಟ ಗುಂಪಿನ ಜೊತೆ ಹೋಲಿಸಿದರಾ ಎಂದು ಸಂಶೋಧಕರನ್ನು ಕೇಳಿ ಬರೆಯಿರಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂಬ ಒಂದು ಸಾಲನ್ನೂ ಸುದ್ದಿಯ ಜೊತೆಗೇ ಅಚ್ಚು ಹಾಕಿ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಕಂಕನಾಡಿ, ಮಂಗಳೂರು